ಕಪ್ಪು ಬೋರಲು ಹಾಕಿದವರು

ನಮ್ಮ ಓಣಿಯ ಕಿರಾಣಿ ಅಂಗಡಿಯವನು ಈ ವರ್ಷ ನನಗೊಂದು ಕ್ಯಾಲೆಂಡರ್ ಕೊಟ್ಟ. ಯಾವುದೋ ಚಹಾ ಕಂಪನಿಯದು. ಹನ್ನೆರಡು ತಿಂಗಳಿಗೆ ಹನ್ನೆರಡು ದೇಶ, ಒಂದೊಂದಕ್ಕೂ ಬಣ್ಣದ ಚಿತ್ರ, ಚಿತ್ರದ ಕೆಳಗೆ ಆ ದೇಶದವರು ಚಹಾ ಕುಡಿಯುವ ರೀತಿಯ ಬಗ್ಗೆ ನಾಲ್ಕು ಸಾಲು. ಪುಕ್ಕಟೆ ಬಂದದ್ದು, ಅಡಿಗೆಮನೆಯ ಗೋಡೆಯಲ್ಲಿ ಒಂದು ಮೊಳೆಯೂ ಖಾಲಿ ಇತ್ತು, ತೂಗುಹಾಕಿದೆ. ಅಂದಿನಿಂದ ನನ್ನ ತಲೆ ಕೆಟ್ಟು ಕೂತಿದೆ.

ಅರವತ್ತೈದು ದಾಟಿದ ನಿವೃತ್ತ ಮಾಸ್ತರಣಿಗೆ ಕ್ಯಾಲೆಂಡರಿನ ಮೇಲೆ ಎಂಥ ಸಿಟ್ಟು ಎಂದು ನೀವು ಕೇಳುತ್ತೀರಿ. ಸಿಟ್ಟು ಬರಲು ನನಗೆ ಕ್ಯಾಲೆಂಡರೇ ಬೇಕೆಂದೇನಿಲ್ಲ. ಬಸ್ಸು ತಡವಾದರೆ ಬರುತ್ತದೆ, ಹೊತ್ತಿಗೆ ಮುಂಚೆ ಬಂದು ಹೋಗಿದ್ದರೂ ಬರುತ್ತದೆ. ಶಾಲೆಯಲ್ಲಿ ಹುಡುಗಿಯರು ನನ್ನ ಬೆನ್ನ ಹಿಂದೆ ನನಗೆ ‘ಹಸಿಮೆಣಸಿನಕಾಯಿ’ ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು, ಮೂವತ್ತೆಂಟು ವರ್ಷ ಹೀಗೇ ನಡೆಯಿತು. ಆದರೆ ಈ ಕ್ಯಾಲೆಂಡರಿನ ಸಿಟ್ಟು ಬೇರೆ.

ಜನವರಿಯಲ್ಲಿ ಜಪಾನು. ಅಲ್ಲಿ ಚಹಾ ಕುಡಿಯಲು ಬೇರೆಯೇ ಕೋಣೆ ಕಟ್ಟಿಸುತ್ತಾರಂತೆ, ಅದರ ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ದೊಡ್ಡ ಮನುಷ್ಯನೂ ಬಗ್ಗಿ ಒಳಗೆ ಬರಬೇಕಂತೆ. ಇದೊಂದು ನನಗೆ ಸೇರಿತು. ನಮ್ಮ ಅಪ್ಪನ ಅಂಗಡಿಗೆ ಅಂಥದೊಂದು ಬಾಗಿಲು ಇರಬೇಕಿತ್ತು. ಫೆಬ್ರುವರಿಯಲ್ಲಿ ಟಿಬೆಟ್ಟು, ಬೆಣ್ಣೆ ಮತ್ತು ಉಪ್ಪು ಹಾಕಿ ಕಡೆದ ಚಹಾ. ಮಾರ್ಚ್ ತಿಂಗಳಿಗೆ ರಷ್ಯಾ, ಸಕ್ಕರೆ ಹರಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮೇಲೆ ಚಹಾ ಹೀರುತ್ತಾರೆ. ಮೊರಾಕ್ಕೋದಲ್ಲಿ ಪುದೀನಾ ಚಹಾವನ್ನು ಮೊಳದೆತ್ತರದಿಂದ ಲೋಟಕ್ಕೆ ಸುರಿಯುತ್ತಾರೆ, ಒಂದು ಹನಿ ಆಚೆ ಬೀಳುವುದಿಲ್ಲವಂತೆ. ಬಿದ್ದರೆ ಒರೆಸುವುದು ಯಾರು ಎಂದು ಬರೆದಿಲ್ಲ. ಚೀನಾದಲ್ಲಿ ಯಾರಾದರೂ ಚಹಾ ಹಾಕಿದರೆ ಮೇಜಿನ ಮೇಲೆ ಎರಡು ಬೆರಳು ಬಡಿದು ಉಪಕಾರ ಹೇಳುತ್ತಾರೆ. ರಷ್ಯಾದ ಕೆಳಗಿನ ಹುಲ್ಲುಗಾವಲಿನ ಜನ ಬಂದವರ ಬಟ್ಟಲಿಗೆ ಅರ್ಧ ಮಾತ್ರ ಸುರಿಯುತ್ತಾರೆ, ಮತ್ತೆ ಮತ್ತೆ ಹಾಕುವ ನೆಪ ಇರಲಿ ಎಂದು. ಪೂರ್ತಿ ತುಂಬಿಸಿದರೆ ಇನ್ನು ಏಳಿ ಎಂದರ್ಥ.

ನಮ್ಮ ದೇಶದ ಸರದಿ ಆಗಸ್ಟ್ ತಿಂಗಳಿಗೆ. ತಲೆತುಂಬ ಸೆರಗು ಹೊದ್ದ ಹದಿನಾರರ ಹುಡುಗಿ ಟ್ರೇಯಲ್ಲಿ ನಾಲ್ಕು ಕಪ್ಪು ಹಿಡಿದುಕೊಂಡು ಬರುತ್ತಿದ್ದಾಳೆ. ಎದುರಿಗೆ ಗಾದಿಯ ಮೇಲೆ ನಾಲ್ವರು ಗಂಡಸರು. ಹುಡುಗಿ ನಗುತ್ತಿದ್ದಾಳೆ. ಕೆಳಗೆ ಬರೆದಿದೆ, ‘ನಮ್ಮ ಮಧುರ ಪರಂಪರೆ.’ ಅದನ್ನು ಓದಿ ನನಗೆ ಪಿತ್ತ ನೆತ್ತಿಗೇರಿತು. ಮಧುರವಂತೆ! ಆ ಟ್ರೇ ಎಷ್ಟು ಭಾರ ಎಂದು ಆ ಚಿತ್ರ ಬರೆದವನಿಗೆ ಗೊತ್ತಿದ್ದರೆ ಕುಂಚ ಕೆಳಗಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತಿದ್ದ. ಎಲ್ಲ ದೇಶದ ಚಹಾ ಬರೆದಿರಲ್ಲ ಮಹಾರಾಯರೇ, ಸಾಂಗಲಿಯ ಚಹಾ ಬರೆದಿದ್ದೀರಾ? ಇಲ್ಲ. ಹಾಗಾದರೆ ನಾನು ಬರೆಯುತ್ತೇನೆ, ಕೇಳಿ.

ಸಂಸ್ಥಾನದ ಕಾಲ. ಸಾಂಗಲಿಗೆ ಒಬ್ಬ ರಾಜರು, ಆರು ಮೈಲಿ ಆಚೆ ಮಿರಜಕ್ಕೆ ಇನ್ನೊಬ್ಬ ರಾಜರು. ನಡುವೆ ಓಡಾಡುವ ಗಾಡಿ ಹತ್ತಿದರೆ ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಮುಗಿಯುವುದರೊಳಗೆ ರಾಜ್ಯ ಬದಲಾಗುತ್ತಿತ್ತು. ಪೇಟೆಯಲ್ಲಿ ನಮ್ಮಪ್ಪನದು ಅರಿಶಿನದ ಅಡತಿ, ಅಂದರೆ ದಲಾಲಿ ಅಂಗಡಿ, ಅದರ ಹಿಂದೆಯೇ ಮನೆ. ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿಕೊಂಡು ಅಪ್ಪ ಗಾದಿಯ ಮೇಲೆ ಕೂತರೆ ದರ ಆಡುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ. ಮಳೆಗಾಲ ಬಿಟ್ಟು ಉಳಿದ ದಿನವೆಲ್ಲ ನಮ್ಮ ಊಟ, ಹಾಸಿಗೆ, ಪಾಟಿ ಪುಸ್ತಕ ಎಲ್ಲದಕ್ಕೂ ಅರಿಶಿನದ ವಾಸನೆ. ಶಾಲೆಯಲ್ಲಿ ನನ್ನ ಲಂಗದ ಅಂಚು ನೋಡಿಯೇ ಇವಳು ಯಾರ ಮಗಳು ಎಂದು ಹೇಳುತ್ತಿದ್ದರು.

ಅಜ್ಜನ ಕಾಲಕ್ಕೆ ನಮ್ಮ ಮನೆಯಲ್ಲಿ ಚಹಾ ಇರಲಿಲ್ಲ. ಒಂದು ದಿನ ಕಂಪನಿಯವರು ಪೇಟೆಗೆ ಒಂದು ಗಾಡಿ ತಂದರು, ಗಾಡಿಯಲ್ಲಿ ಹಿತ್ತಾಳೆಯ ದೊಡ್ಡ ಹಂಡೆ, ಬಂದವರಿಗೆಲ್ಲ ಪುಕ್ಕಟೆ ಚಹಾ. ನಮ್ಮ ಅಜ್ಜಿ ಅದು ರಕ್ತ ಸುಡುವ ವಿಷ ಎಂದು ಸಾರಿದಳಂತೆ. ತಿಂಗಳು ತುಂಬುವುದರೊಳಗೆ ಬೆಳಿಗ್ಗೆ ಆ ವಿಷ ಸಿಗದಿದ್ದರೆ ಅವಳಿಗೆ ತಲೆಶೂಲೆ ಏಳುತ್ತಿತ್ತು. ಹೀಗೆ ಪುಕ್ಕಟೆ ಬಂದದ್ದು ಮನೆಗೆ ಯಜಮಾನನಾಯಿತು. ಪುಕ್ಕಟೆ ಕ್ಯಾಲೆಂಡರನ್ನು ನಾನೂ ಆವತ್ತೇ ತಿರುಗಿ ಕೊಡಬೇಕಿತ್ತು.

ಚಹಾ ಅಂಗಡಿಗೆ ಬಂದ ಮೇಲೆ ಅಲ್ಲಿ ಒಂದು ಪದ್ಧತಿ ಬೆಳೆಯಿತು. ಅರಿಶಿನದ ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಇಬ್ಬರ ಕೈಯ ಮೇಲೆ ಒಂದು ಅರಿವೆ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ಮಾತಾಡುತ್ತಿದ್ದರು. ಸುತ್ತ ಕೂತವರಿಗೆ ಕಾಣುವುದು ಅರಿವೆ ಅಲುಗಾಡುವುದು ಮಾತ್ರ. ಬೆರಳಿನ ಮಾತು ಮುಗಿದ ಕೂಡಲೇ ಒಳಗಿನಿಂದ ಚಹಾ. ಕೊಳ್ಳುವವನು ಚಹಾ ಮುಟ್ಟದೆ ಕೆನೆಗಟ್ಟಲು ಬಿಟ್ಟನೋ, ದರ ಇನ್ನೂ ಅವನ ಮನಸ್ಸಿಗೆ ಬಂದಿಲ್ಲ. ಅರ್ಧ ಕುಡಿದು ಇಟ್ಟನೋ, ಸೌದಾ ಮುರಿಯಿತು. ಬಶಿಗೆ ಸುರುವಿಕೊಂಡು ಪೂರ್ತಿ ಕುಡಿದು, ಖಾಲಿ ಕಪ್ಪನ್ನು ಬಶಿಯ ಮೇಲೆ ಬೋರಲು ಹಾಕಿದನೋ, ಅಲ್ಲಿಗೆ ಮುಗಿಯಿತು. ಕಾಗದ ಬೇಡ, ಸಾಕ್ಷಿ ಬೇಡ. ಬುಧಗಾಂವದ ರೈತನಿರಲಿ, ಹರಿಪುರದವನಿರಲಿ, ಮಿರಜದ ಸಾವಕಾರನಿರಲಿ, ಬೋರಲು ಹಾಕಿದ ಕಪ್ಪನ್ನು ಮತ್ತೆ ನೆಟ್ಟಗೆ ಮಾಡಿದವನನ್ನು ನಾನು ಕಾಣೆ. ಈ ಪದ್ಧತಿಯ ಬಗ್ಗೆ ಅಪ್ಪನಿಗೆ ಇದ್ದ ಹೆಮ್ಮೆ ನೋಡಬೇಕಿತ್ತು. ತನ್ನ ಮನೆಯಲ್ಲಿ ಹುಟ್ಟಿದ ಮಗುವಿನಂತೆ ಅದನ್ನು ಹೊಗಳುತ್ತಿದ್ದ.

ಹೀಗೆ ಬೋರಲು ಹಾಕಲು ಬೇಕಾದ ಚಹಾವನ್ನು ದಿನಕ್ಕೆ ಇಪ್ಪತ್ತು ಸಲ ಮಾಡುತ್ತಿದ್ದವಳು ನಮ್ಮವ್ವ. ಇಡೀ ಪೇಟೆಯಲ್ಲಿ ಅವಳ ಚಹಾಕ್ಕೆ ಹೆಸರು. ಶುಂಠಿ ಎಷ್ಟು ಜಜ್ಜಬೇಕು, ಹಾಲು ಯಾವಾಗ ಹಾಕಬೇಕು, ಎಲ್ಲ ಕೈಗೇ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ಏಕೆಂದರೆ ಆ ಚಹಾವನ್ನು ಅವಳು ಎಂದೂ ಕುಡಿದವಳಲ್ಲ. ಮೊದಲ ಕುದಿ ಗಂಡಸರಿಗೆ. ಸೋಸುವ ಅರಿವೆಯಲ್ಲಿ ಉಳಿದ ಚರಟವನ್ನು ಮತ್ತೆ ನೀರಿಗೆ ಹಾಕಿ, ಬೆಲ್ಲ ಹಾಕಿ, ಹಾಲಿನ ಪಾತ್ರೆ ತೊಳೆದ ನೀರು ಬೆರೆಸಿ ಕುದಿಸಿದರೆ ಅದು ಹೆಂಗಸರ ಚಹಾ. ಮನೆಯಲ್ಲಿ ಅದಕ್ಕೆ ಮರುಗುದಿ ಎನ್ನುತ್ತಿದ್ದರು. ಅದು ಹಿತ್ತಾಳೆಯ ವಾಟಗದಲ್ಲಿ ಬರುತ್ತಿತ್ತು, ಕಪ್ಪು ಬಶಿ ನಮಗಲ್ಲ. ಇದನ್ನು ಯಾರೂ ಕಾಯಿದೆ ಎಂದು ಹೇಳಿದವರಲ್ಲ. ಯಾರೂ ಹೇಳದೆಯೇ ನಡೆಯುತ್ತಿತ್ತಲ್ಲ, ಅದಕ್ಕೇ ನನಗೆ ಮೈ ಉರಿಯುವುದು. ಕ್ಯಾಲೆಂಡರಿನವರೇ, ಇದಕ್ಕೊಂದು ತಿಂಗಳು ಕೊಡಿ. ಹದಿಮೂರನೆಯದಾದರೂ ಸೈ.

ನನ್ನ ಅಕ್ಕ ಗಂಗಾ ನನಗಿಂತ ನಾಲ್ಕು ವರ್ಷ ದೊಡ್ಡವಳು. ಆಗ ಅವಳಿಗೆ ಹದಿನಾಲ್ಕು, ನನಗೆ ಹತ್ತು. ಅವಳು ಆ ವರ್ಷ ಮುಲ್ಕಿ ಪರೀಕ್ಷೆಗೆ ಕೂಡುವವಳಿದ್ದಳು. ಇಂದಿನವರಿಗೆ ಮುಲ್ಕಿ ಎಂದರೆ ತಿಳಿಯಲಿಕ್ಕಿಲ್ಲ. ಏಳನೆಯ ಇಯತ್ತೆಯ ಪರೀಕ್ಷೆ ಅದು, ಆದರೆ ಅದನ್ನು ಪಾಸಾದ ಹೆಣ್ಣುಮಗಳು ಶಾಲೆಯಲ್ಲಿ ಕಲಿಸುವ ಕೆಲಸಕ್ಕೆ ಸೇರಬಹುದಿತ್ತು. ಅಕ್ಕನಿಗೆ ಅದೇ ಹುಚ್ಚು. ಅರಿಶಿನದ ಚೀಲಗಳನ್ನು ಸಾಲಾಗಿ ಕೂಡಿಸಿ ಅವುಗಳಿಗೆ ಭೂಗೋಳ ಕಲಿಸುತ್ತಿದ್ದಳು. ನಾನೂ ಒಂದು ಚೀಲದ ಪಕ್ಕ ಕೂತು ಕಲಿತೆ. ಇಂದಿಗೂ ಗೋದಾವರಿಯ ಉಪನದಿಗಳು ನನ್ನ ಬಾಯಿಗೆ ಬರುವುದು ಅಕ್ಕನ ದನಿಯಲ್ಲಿಯೇ. ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು.

ಒಂದು ಸೋಮವಾರ ಬೆಳಿಗ್ಗೆ ಮಿರಜದ ಶಿವಲಿಂಗಪ್ಪನವರು ಎಂಬ ದೊಡ್ಡ ವ್ಯಾಪಾರಿ ಅಂಗಡಿಗೆ ಬಂದರು. ಅಪ್ಪನ ಬಳಿ ಆ ಹಂಗಾಮಿನ ಒಳ್ಳೆಯ ಅರಿಶಿನವೆಲ್ಲ ಇತ್ತು, ಅದರ ಮೇಲೆ ಅವರ ಕಣ್ಣು. ಅರಿವೆಯ ಕೆಳಗೆ ಬೆರಳಿನ ಮಾತಾಯಿತು. ಚಹಾ ಹೋಯಿತು. ಅವರು ಅದನ್ನು ಮುಟ್ಟಲಿಲ್ಲ. ಮುಟ್ಟದೆ ನಕ್ಕು, “ಈ ಚಹಾ ನಿಮ್ಮ ಮನ್ಯಾಗ ಕುಡೀತೇನ್ರಿ. ಮಧ್ಯಾಹ್ನ ಮಗನ್ನ ಕರಕೊಂಡ ಬರ್ತೇನಿ. ನಿಮ್ಮ ದೊಡ್ಡ ಹುಡುಗಿ ಕೈಲೆ ಕೊಡಸ್ರಿ” ಎಂದರಂತೆ. ಅಂದರೆ ಅರಿಶಿನಕ್ಕೂ ಅಕ್ಕನಿಗೂ ಸೇರಿ ಒಂದೇ ಕಪ್ಪು. ಅದು ಬೋರಲು ಬಿದ್ದರೆ ಎರಡೂ ಮುಗಿದಂತೆ, ಅರ್ಧಕ್ಕೆ ನಿಂತರೆ ಎರಡೂ ಮುರಿದಂತೆ.

ಅಪ್ಪ ಒಳಗೆ ಬಂದು ಅಷ್ಟನ್ನು ಹೇಳಿ ತಿರುಗಿ ಅಂಗಡಿಗೆ ಹೋದ. ಅಕ್ಕ ಒಲೆಯ ಮುಂದೆ ಕುಕ್ಕರಿಸಿ ಅವ್ವನ ಸೆರಗು ಹಿಡಿದಳು. ನಾನು ಅಲ್ಲಿಯೇ ಇದ್ದೆ.

“ಅವ್ವಾ, ಇವತ್ತ ಒಂದ ದಿನ ಚಹಾ ಕೆಡಸ. ಬಾಯಾಗ ಇಡದಂಗ ಮಾಡ. ಅರ್ಧಕ್ಕ ಬಿಟ್ಟು ಎದ್ದು ಹೋಗ್ಲಿ.”

“ನಿಮ್ಮಪ್ಪ ನನ್ನ ಜೀವಂತ ಬಿಡ್ತಾನೇನ?”

“ಎರಡ ತಿಂಗಳವ್ವಾ. ಪರೀಕ್ಷಾ ಮುಗೀಲಿ. ಆಮ್ಯಾಲೆ ಯಾರಿಗೆ ಕೊಡ್ತೀರಿ ಕೊಡ್ರಿ, ಹೂಂ ಅಂತೇನಿ.”

ಅವ್ವ ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದಳು. ಕೊನೆಗೆ “ಆತು” ಎಂದಳು. ಆಮೇಲೆ ನನ್ನನ್ನು, ಮಂದಿ ಬರುವುದು ಕಂಡರೆ ಕೂಗು ಎಂದು ಹೊರಬಾಗಿಲಿಗೆ ಕಳಿಸಿದಳು. ನಾನು ಕುಣಿಯುತ್ತಲೇ ಹೋದೆ. ಚಹಾ ಕೆಡಿಸಿ ಮದುವೆ ತಪ್ಪಿಸುವುದು ಎಂಥ ಹುಡುಗಾಟಿಕೆಯ ಯೋಚನೆ ಎಂದು ನಿಮಗೆ ಈಗ ಅನಿಸುತ್ತಿರಬಹುದು. ಆದರೆ ಕಪ್ಪಿನ ಮೇಲೆ ಮಾತು ಮುಗಿಸುವುದು ನಮ್ಮ ಕಲ್ಪನೆಯಲ್ಲ, ಗಂಡಸರದೇ. ನಾವು ಅವರ ಪದ್ಧತಿಯನ್ನು ನಂಬಿದೆವು, ಅಷ್ಟೇ.

ಮೂವರು ಬಂದರು. ಶಿವಲಿಂಗಪ್ಪನವರು, ಅವರ ಮಗ ಈರಣ್ಣ, ಈರಣ್ಣನ ಕಾಕಾ. ನಮ್ಮಪ್ಪ ಸೇರಿ ನಾಲ್ವರು. ನಾನು ಒಳಬಾಗಿಲ ಹಿಂದೆ ನಿಂತೆ. ಅಲ್ಲಿಂದ ಕಾಣುತ್ತಿದ್ದದ್ದು ನಾಲ್ಕು ಬೆನ್ನು, ಎರಡು ರುಮಾಲು ಮತ್ತು ಅಕ್ಕನ ತಗ್ಗಿಸಿದ ತಲೆ. ಅಕ್ಕ ಕಪ್ಪು ಕೊಟ್ಟು ಗೋಡೆಗೆ ಒರಗಿ ನಿಂತಳು. ಬಶಿಗೆ ಸುರುವುವ ಸಪ್ಪಳ ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ನನಗೆ ಆನಂದವೋ ಆನಂದ, ಇನ್ನು ಬಶಿ ಕೆಳಗಿಡುತ್ತಾರೆ ಎಂದು ಕಾದೆ. ಆಗ ಅಪ್ಪನ ದನಿ ಎದ್ದಿತು, “ಇವತ್ತ ಚಹಾ ಭಾಳ ಛಲೋ ಆಗೇತಿ!” ಅದರ ಹಿಂದೆಯೇ ಒಂದು ಕಪ್ಪು ಬಶಿಯ ಮೇಲೆ ಬೋರಲು ಬಿತ್ತು. ಇನ್ನೊಂದು. ಮತ್ತೊಂದು. ಸ್ವಲ್ಪ ತಡೆದು ನಾಲ್ಕನೆಯದು.

ನಾನು ಅಡಿಗೆಮನೆಗೆ ಓಡಿದೆ. “ನೀ ಆತು ಅಂದಿದ್ದಿ! ಕೆಡಸಲಿಲ್ಲ! ಸುಳ್ಳಿ!” ಎಂದು ಅವ್ವನ ತೋಳಿಗೆ ಗುದ್ದಿದೆ. ಅವ್ವ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನೋಡಿದಳು. ಅಪ್ಪ ಬಾಗಿಲಿಗೆ ಬಂದು ನಿಂತಿದ್ದ.

“ನನ್ನ ಕೈಲೆ ಕೆಟ್ಟ ಚಹಾ ಆಗೂದಿಲ್ಲ, ಪಾರಿ” ಎಂದಳು.

ಅಷ್ಟು ಹೇಳಿ ಚರಟವನ್ನು ಹಿತ್ತಲಿಗೆ ಒಯ್ದು ಚೆಲ್ಲಿ ಬಂದಳು. ಪಾತ್ರೆಗೆ ಬೂದಿ ಹಾಕಿ ಎರಡು ಸಲ ತಿಕ್ಕಿದಳು. ಅಂದು ನಮಗೆ ಮರುಗುದಿಯೂ ಇಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಅಕ್ಕನನ್ನು ಮಾರಿದ್ದಲ್ಲದೆ ನಮಗೆ ಒಂದು ಗುಟುಕು ನೀರುಚಹಾ ಕೂಡ ಇಡಲಿಲ್ಲ ಎಂದುಕೊಂಡೆ. ಮುಲ್ಕಿ ಪರೀಕ್ಷೆಯ ವಾರದಲ್ಲೇ ಅಕ್ಕನಿಗೆ ಅರಿಶಿನ ಹಚ್ಚಿದರು. ನಮ್ಮ ಅಂಗಡಿಯದೇ ಅರಿಶಿನ.

ಹೇಳಿಕೊಂಡು ಹೆಮ್ಮೆಪಡುವ ಮಾತಲ್ಲ ಇದು, ಆದರೂ ಹೇಳುತ್ತೇನೆ. ಆ ದಿನದಿಂದ ಅವ್ವ ಮಾಡಿದ ಚಹಾ ನಾನು ಕುಡಿಯಲಿಲ್ಲ. ಸುಮ್ಮನೆ ಬೇಡ ಎಂದಿದ್ದರೆ ಒಂದು ಮಾತು. ನಾನು ವಾಟಗ ತೆಗೆದುಕೊಂಡು, ಅವ್ವ ನೋಡುತ್ತಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ಮೋರಿಗೆ ಸುರಿಯುತ್ತಿದ್ದೆ. ಅವಳು ಮಾರನೆಯ ದಿನ ಮತ್ತೆ ಇಡುತ್ತಿದ್ದಳು. ನಾನು ಮತ್ತೆ ಸುರಿಯುತ್ತಿದ್ದೆ. ಅವಳ ಜೊತೆ ಮಾತಾಡುವುದಿದ್ದರೆ ಗೋಡೆಗೆ ಮುಖ ಮಾಡಿ ಆಡುತ್ತಿದ್ದೆ. ಅಕ್ಕನನ್ನು ನೋಡಲು ಮಿರಜಕ್ಕೆ ಹೋದಾಗ ಸಿಟ್ಟು ಇನ್ನಷ್ಟು ಹೊತ್ತಿಕೊಳ್ಳುತ್ತಿತ್ತು. ಅಲ್ಲಿ ತಂಬೂರಿ ಮಾಡುವವರು ಮಾಳಿಗೆಯ ಮೇಲೆ ದೊಡ್ಡ ದೊಡ್ಡ ಸೋರೆಬುರುಡೆ ಒಣಗಲು ಇಡುತ್ತಿದ್ದರು. ಅದನ್ನು ನೋಡೋಣ ಬಾ ಎಂದರೆ ಅಕ್ಕನಿಗೆ ನನ್ನ ಜೊತೆ ಓಣಿಯ ತುದಿಯವರೆಗೆ ಬರಲು ಪುರಸೊತ್ತಿರಲಿಲ್ಲ. ಮಾವನ ಅಂಗಡಿಗೆ ದಿನಕ್ಕೆ ಮೂವತ್ತು ಸಲ ಚಹಾ. ಅವಳೂ ಬಾಗಿಲ ಹಿಂದೆ ನಿಂತು ಮರುಗುದಿ ಕುಡಿಯುತ್ತಿದ್ದಳು.

ನನಗೆ ಹದಿಮೂರು ಆದಾಗ ನನ್ನ ಸರದಿ ಬಂತು. ಬಂದವರು ಮ್ಹೈಸಾಳದ ಕಡೆಯ ದೊಡ್ಡ ಹೊಲಮನೆಯವರು. ನನಗೂ ಸೀರೆ ಉಡಿಸಿ ಕೈಗೆ ಟ್ರೇ ಕೊಟ್ಟರು. ನಡುಮನೆಯ ಮಧ್ಯಕ್ಕೆ ಹೋಗಿ ನಿಂತೆ. ಕೈ ಜಾರಿತು ಎಂದು ಆಮೇಲೆ ನಾನು ಯಾರಿಗೂ ಹೇಳಲಿಲ್ಲ. ಬಿಟ್ಟೆ. ಚೀನಿಮಣ್ಣಿನ ನಾಲ್ಕು ಕಪ್ಪು, ನಾಲ್ಕು ಬಶಿ, ಎಲ್ಲ ಪುಡಿ, ಹಿರಿಯರೊಬ್ಬರ ಧೋತರದ ತುಂಬ ಚಹಾ. ಅಪ್ಪ ಅಂಗಡಿಯ ಅಳತೆಕೋಲು ಮುರಿಯುವವರೆಗೆ ಹೊಡೆದ. ಒಳ್ಳೆಯದೇ ಆಯಿತು. ಪೇಟೆಯಲ್ಲೆಲ್ಲ ಸುದ್ದಿಯಾಗಿ ಮುಂದೆ ಯಾರೂ ನನ್ನನ್ನು ನೋಡಲು ಬರಲಿಲ್ಲ. “ಇಕಿ ತಲಿ ನೆಟ್ಟಗಿಲ್ಲ, ಸಾಲಿಗರೆ ಹೋಗ್ಲಿ” ಎಂದು ಅಪ್ಪ ಕೈಬಿಟ್ಟ. ಮುಲ್ಕಿ ಪಾಸಾದೆ. ಆಮೇಲೆ ಟ್ರೇನಿಂಗ್ ಮುಗಿಸಿ ದೂರದ ಊರಿನ ಶಾಲೆಗೆ ಸೇರಿದೆ. ನನ್ನ ಹಟ, ನನ್ನ ಧೈರ್ಯ, ನನ್ನ ಬುದ್ಧಿ ಎಂದು ಇಷ್ಟು ವರ್ಷ ಬೀಗಿದೆ. ಬಹಳ ವರ್ಷದ ಮೇಲೆ ಒಬ್ಬ ಗಣಿತದ ಮಾಸ್ತರನ್ನು ಮದುವೆಯಾದೆ, ಪಾಪ, ಅವರು ತಮ್ಮ ಚಹಾ ತಾವೇ ಮಾಡಿಕೊಳ್ಳುತ್ತಿದ್ದರು. ಅದಕ್ಕೂ ಎಷ್ಟೋ ಮುಂಚೆ, ನನಗೆ ಇಪ್ಪತ್ತೊಂದು ಇದ್ದಾಗ, ಸಂಸ್ಥಾನಗಳು ಮುಗಿಯುವ ಹಿಂದಿನ ವರ್ಷ ಅವ್ವ ತೀರಿಕೊಂಡಳು. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅತ್ತೆ. ಆದರೆ ಮನಸ್ಸಿನ ಒಂದು ಮೂಲೆ ಆಗಲೂ ಬಿಗಿದೇ ಇತ್ತು, ಸುಳ್ಳು ಯಾಕೆ ಹೇಳಲಿ.

ಇಷ್ಟು ನನ್ನ ಸಿಟ್ಟಿನ ಚರಿತ್ರೆ. ಇನ್ನು ಕ್ಯಾಲೆಂಡರಿಗೆ ಬರುತ್ತೇನೆ.

ಹೋದ ತಿಂಗಳು ಅಕ್ಕ ಮತ್ತು ದಾಜಿ ಮಿರಜದಿಂದ ಬಂದಿದ್ದರು. ದಾಜಿ ಎಂದರೆ ಅಕ್ಕನ ಗಂಡ, ಅದೇ ಈರಣ್ಣ. ಎಪ್ಪತ್ತೈದು ದಾಟಿದೆ, ಹಲ್ಲಿಲ್ಲ, ನಗುವುದಕ್ಕೆ ಮಾತ್ರ ಕಮ್ಮಿಯಿಲ್ಲ. ಕೆಟ್ಟ ಮನುಷ್ಯರೆಂದು ನಾನು ಹೇಳಲಾರೆ, ಅವರನ್ನು ಜೀವನದಲ್ಲಿ ಯಾರೂ ಏನನ್ನೂ ಕೇಳಲಿಲ್ಲ, ಅವರೂ ಯಾರನ್ನೂ ಏನೂ ಕೇಳಲಿಲ್ಲ. ಕನ್ನಡಕ ಏರಿಸಿ ಕ್ಯಾಲೆಂಡರಿನ ಹಾಳೆ ತಿರುವಿದರು. ಟಿಬೆಟ್ಟಿನ ಉಪ್ಪು ಬೆಣ್ಣೆಯ ಚಹಾ ನೋಡಿ ಹೊಟ್ಟೆ ಹಿಡಿದು ನಕ್ಕರು.

“ಇದೇನ ದೊಡ್ಡ ಮಾತ, ಪಾರಿ! ನಾ ಕಿರಾತಕಡ್ಡಿ ಚಹಾ ಕುಡದಾಂವ.”

“ಯಾವಾಗ?”

“ಯಾವಾಗ ಅಂತಿ? ನಿಮ್ಮ ಮನಿಗೆ ಹೆಣ್ಣ ನೋಡಾಕ ಬಂದಾಗ! ಒಂದ ಗುಟುಕ ತಗೊಂಡೆ, ಜೀವಾ ಹೋಗಿ ಬಂತು. ಜ್ವರಕ್ಕ ಕಾಢೆ ಕುಡಸ್ತಾರಲ್ಲ, ಅದರ ಅಜ್ಜ. ಬಶಿ ಕೆಳಗ ಇಡಾಕ ಹ್ವಾದ್ರ ನಮ್ಮಪ್ಪ ಕಾಲ ತುಳದ್ರು. ‘ಕುಡಿ ಮಗನ, ಅರಿಶಿಣ ಹೋಕೈತಿ’ ಅಂದ್ರು ಕಿವ್ಯಾಗ. ಕಾಕಾನೂ ಕಣ್ಣ ಮುಚ್ಚಿ ಕುಡದ. ನಿಮ್ಮಪ್ಪ? ಅವರೂ ಕುಡದ್ರಲ್ಲ! ಕುಡದು ಮ್ಯಾಲೆ ಹೇಳ್ತಾರ, ಚಹಾ ಭಾಳ ಛಲೋ ಆಗೇತಿ ಅಂತ! ಏನ್ ಮಂದಿ ಅಂತೇನಿ!”

ಅವರು ಕಣ್ಣೀರು ಬರುವವರೆಗೆ ನಕ್ಕರು. ಆ ಕಡ್ಡಿ ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು, ಚಳಿಜ್ವರಕ್ಕೆ ಅವ್ವ ಅದನ್ನೇ ಕುದಿಸಿ ಕೊಡುತ್ತಿದ್ದಳು. ಒಂದು ಹನಿ ನಾಲಿಗೆಗೆ ತಾಗಿದರೆ ರಾತ್ರಿಯವರೆಗೆ ಕಹಿ. ಚರಟ ಹಿತ್ತಲಿಗೆ ಹೋದದ್ದು ಅದಕ್ಕೆ. ಮಕ್ಕಳ ಬಾಯಿಗೆ ಅದು ಹೋಗಬಾರದೆಂದು. ಅವ್ವ ಮಾತು ಉಳಿಸಿಕೊಂಡಿದ್ದಳು. ಗಂಡನ ಮನೆಯಲ್ಲಿ, ಗಂಡನ ಬೀಗರಿಗೆ, ಗಂಡನ ಅರಿಶಿನದ ಸೌದಾದ ಮುಂದೆ, ವಿಷದಂಥ ಚಹಾ ಕಾಸಿ ಕಳಿಸಿದ್ದಳು. ಆ ನಾಲ್ವರೂ ಅದನ್ನು ಕುಡಿದು, ಒಬ್ಬರ ಮುಖ ಒಬ್ಬರು ನೋಡದೆ, ಕಪ್ಪು ಬೋರಲು ಹಾಕಿದರು. ಒಬ್ಬನಾದರೂ ಥೂ ಎನ್ನಲಿಲ್ಲ. ನನಗೆ ಬಂದ ಕೋಪಕ್ಕೆ ದಾಜಿಯ ಕೈಯಲ್ಲಿದ್ದ ಕ್ಯಾಲೆಂಡರ್ ಕಿತ್ತುಕೊಂಡೆ. ಅವರು ನಗು ನಿಲ್ಲಿಸಿ, “ಏನಾತು?” ಎಂದರು. ಏನಾಯಿತಂತೆ!

ಅಕ್ಕ ಹಿತ್ತಲ ಕಟ್ಟೆಯ ಮೇಲೆ ಕೂತು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು. ಹೋಗಿ ಮುಂದೆ ನಿಂತೆ.

“ಅವ್ವ ಚಹಾ ಕೆಡಸಿದ್ದು ನಿನಗ ಗೊತ್ತಿತ್ತೇನ?”

ಅವಳು ತಲೆಯೆತ್ತಲಿಲ್ಲ. “ಒಲಿ ಮುಂದ ನಾನ ಇದ್ದೆಲ್ಲ. ನನ್ನ ಕಣ್ಣಮುಂದನ ಕಡ್ಡಿ ಮುರದು ಹಾಕಿದ್ಲು.”

“ಮತ್ತ ನನಗ ಯಾಕ ಹೇಳಲಿಲ್ಲ? ಹನ್ನೊಂದ ವರ್ಷ ನಾ ಅಕಿ ಮುಖಾ ನೋಡಿ ಮಾತಾಡಲಿಲ್ಲ! ಅಕಿ ಕೊಟ್ಟಿದ್ದು ಮೋರಿಗೆ ಸುರದೆ!”

“ಅವ್ವ ಬ್ಯಾಡ ಅಂದಿದ್ಲು.”

“ಬ್ಯಾಡಾ? ಯಾಕ ಬ್ಯಾಡಾ?”

ಅಕ್ಕ ಸೊಪ್ಪಿನ ಕಟ್ಟು ಕೆಳಗಿಟ್ಟಳು. “ನೀ ಟ್ರೇ ಒಗದ ಸುದ್ದಿ ಕೇಳಿ ನಾ ಮಿರಜದಿಂದ ಬಂದಿದ್ನೆಲ್ಲ, ಆವಾಗ ಅಂದೆ, ಅವ್ವಾ, ಪಾರಿಗೆ ಖರೇ ಹೇಳಿಬಿಡೂಣು, ನಿನ್ನ ಮ್ಯಾಲಿನ ಸಿಟ್ಟರೆ ಇಳೀತೈತಿ ಅಂತ. ಅದಕ್ಕ ಅಕಿ ಅಂದ್ಲು, ಬ್ಯಾಡ, ಗಂಗಾ. ಸಿಟ್ಟ ಇಳೀತಂದ್ರ ನಾಳೆ ಇನ್ನೊಬ್ಬರ ಮುಂದ ಚಹಾ ಹಿಡಕೊಂಡು ಹೋಗಿ ನಿಲ್ತಾಳ. ನಿನ್ನಂಗ. ಇರ್ಲಿ, ನನ್ನ ಮ್ಯಾಲೆ ಇರ್ಲಿ. ಅಕಿ ಕಲಿಯೂದು ಮುಗೀಲಿ, ಆಮ್ಯಾಲೆ ನಾನ ಹೇಳ್ತೇನಿ.”

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. “ಮತ್ತ ಕಲಿಯೂದು ಮುಗದ ಮ್ಯಾಲೆ?”

“ಎರಡ ಸಲ ಕಾಗದ ಬರಸಿದ್ಲು, ಪಾರಿ. ನನ್ನ ಕೈಲೇನ ಬರಸಿದ್ಲು. ‘ಒಮ್ಮೆ ಬಂದು ಹೋಗು, ಮಾತಾಡೂದೈತಿ’ ಅಂತ. ನೀ ಬರಲಿಲ್ಲ.”

ಕಾಗದಗಳು ನನಗೆ ನೆನಪಿವೆ. ಅಕ್ಕನ ದುಂಡು ಮೋಡಿ ಅಕ್ಷರ, ಮೇಲೆ ಶಿವಶಿವ, ಕೆಳಗೆ ಅವ್ವನ ಆಶೀರ್ವಾದ. ನಾನು ಬರೆದ ಉತ್ತರವೂ ನೆನಪಿದೆ, ಎರಡು ಸಲವೂ ಒಂದೇ ಉತ್ತರ. ಶಾಲೆಗೆ ರಜೆ ಇದ್ದಾಗಲೇ ಬರೆದದ್ದು.

ಅಪ್ಪನ ಮೇಲೆ ನನಗೆ ಸಿಟ್ಟಿದೆ, ಇರುತ್ತದೆ. ಆ ಶಿವಲಿಂಗಪ್ಪನವರ ಮೇಲಿದೆ, ಕಣ್ಣು ಮುಚ್ಚಿ ಕುಡಿದ ಕಾಕಾನ ಮೇಲಿದೆ, ಇಷ್ಟು ವರ್ಷ ಇದನ್ನು ತಮಾಷೆ ಎಂದುಕೊಂಡಿದ್ದ ದಾಜಿಯ ಮೇಲೂ ಇದೆ. ಅವರನ್ನೆಲ್ಲ ಬೈದು ಮುಗಿಸಬಹುದು. ಆದರೆ ಇಪ್ಪತ್ತರ ಹರೆಯದಲ್ಲಿ ದೂರದ ಊರಿನ ಒಂದು ಕೋಣೆಯಲ್ಲಿ ಕೂತು, ನೆಟ್ಟಗೆ ಬೈತಲೆ ತೆಗೆದು, ಅಚ್ಚುಕಟ್ಟಾದ ಅಕ್ಷರದಲ್ಲಿ ‘ರಜೆ ಸಿಗುವುದಿಲ್ಲ’ ಎಂದು ಬರೆದ ಆ ಮಾಸ್ತರಣಿ ಇದ್ದಾಳಲ್ಲ, ಅವಳು ನನ್ನ ಕೈಗೆ ಸಿಗಬೇಕು.